ಕದ್ದ ಪ್ರಶ್ನೆಗಳಿಂದ ಭದ್ರತೆಯ ಪಾಠವೇ?

ಕಿತ್ತೂರು ಸಮೀಪದ ದೇಗಾಂವಕ್ಕೆ ಇತ್ತೀಚೆಗೆ ಹೋಗಿದ್ದೆ. ಗೋವೆಯ ಕದಂಬರ ರಾಣಿ ಕಮಲಾದೇವಿ ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ದೇವಾಲಯವನ್ನು ತೋರಿಸಲು ಜೊತೆಗೆ ಬಂದಿದ್ದ ಬಂಧುಗಳ ಮಗ, ಮೊಬೈಲಿನಿಂದ ಕಣ್ಣು ತೆಗೆಯಲೇ ಇಲ್ಲ. ಆಟವಿರಬೇಕೆಂದು ಗದರಿದೆ. ಅದು ಆಟವಾಗಿರಲಿಲ್ಲ, ಮಾಹಿತಿ ಭದ್ರತೆಯ ಸಿಐಎಸ್‌ಎಸ್‌ಪಿ ಪರೀಕ್ಷೆಯ ಪ್ರಶ್ನೆಗಳಾಗಿದ್ದವು. ತರಬೇತಿ ಸಂಸ್ಥೆಯೊಂದು 'ಪರೀಕ್ಷೆಗೆ ಬಂದ ನಿಜ ಪ್ರಶ್ನೆಗಳು' ಎಂದು ಹಣ ಪಡೆದು ಕೊಟ್ಟಿದ್ದ ಕಡತವನ್ನು ಆತ ಬಾಯಿಪಾಠ ಮಾಡುತ್ತಿದ್ದ. ಶುಲ್ಕ 749 ಡಾಲರ್, ಅಂದರೆ ಅರವತ್ತು ಸಾವಿರ ರೂಪಾಯಿಗೂ ಮಿಕ್ಕಿ. ಅದಕ್ಕಾಗಿ ತಂದೆ ಸೊಸೈಟಿಯಲ್ಲಿ ಸಾಲ ಎತ್ತಲು ಸಿದ್ಧರಾಗಿದ್ದರು.

ಅಮೆರಿಕದ ಐಎಸ್‌ಸಿ2 ಸಂಸ್ಥೆ 1994ರಿಂದ ನಡೆಸುತ್ತಿರುವ ಈ ಪರೀಕ್ಷೆಯಲ್ಲಿ ಮೂರು ಗಂಟೆಯಲ್ಲಿ 100ರಿಂದ 150 ಪ್ರಶ್ನೆಗಳಿಗೆ ಉತ್ತರಿಸಬೇಕು. ಹಿಂದಿನ ಉತ್ತರಗಳನ್ನು ನೋಡಿಕೊಂಡು ಮುಂದಿನ ಪ್ರಶ್ನೆಯನ್ನು ಗಣಕಯಂತ್ರವೇ ಆಯುತ್ತದೆ. ದಾಟಿ ಬಂದ ಪ್ರಶ್ನೆಗೆ ಮರಳುವಂತಿಲ್ಲ. ತೇರ್ಗಡೆಯಾದ ಮಾತ್ರಕ್ಕೆ ಪ್ರಮಾಣಪತ್ರ ಕೈಸೇರುವುದೂ ಇಲ್ಲ. ಎಂಟು ವಿಷಯಗಳ ಪೈಕಿ ಕನಿಷ್ಠ ಎರಡರಲ್ಲಿ ಐದು ವರ್ಷಗಳ ವೇತನಸಹಿತ ಅನುಭವವಿರಬೇಕು. ಸೂಕ್ತ ಪದವಿಗೆ ಒಂದು ವರ್ಷದ ರಿಯಾಯಿತಿಯುಂಟು. ಅನುಭವವಿಲ್ಲದವರು 'ಅಸೋಸಿಯೇಟ್' ಎನಿಸಿಕೊಂಡು, ಆರು ವರ್ಷಗಳೊಳಗೆ ಅದನ್ನು ಗಳಿಸಬೇಕು. ಪದವಿ ಮುಗಿಸಿ ಎರಡೇ ವರ್ಷವಾಗಿದ್ದ ಹುಡುಗನಿಗೆ ತರಬೇತಿಯವರು ಇದನ್ನು ತಿಳಿಸಿಯೇ ಇರಲಿಲ್ಲ.

ಅವನ ಪಠ್ಯಪುಸ್ತಕವನ್ನು ತಿರುವಿದಾಗ ನನಗೆ ಅಚ್ಚರಿಯಾಯಿತು. ಅದರಲ್ಲಿ ಯಂತ್ರಗಳಿಗಿಂತ ಆಡಳಿತವೇ ಹೆಚ್ಚು. ಹತ್ತು ಲಕ್ಷ ರೂಪಾಯಿ ನಷ್ಟ ತರಬಲ್ಲ ಅವಘಡ ಐದು ವರ್ಷಕ್ಕೊಮ್ಮೆ ಸಂಭವಿಸುವುದಾದರೆ ವಾರ್ಷಿಕ ನಿರೀಕ್ಷಿತ ನಷ್ಟ ಎರಡು ಲಕ್ಷ. ಅದನ್ನು ತಡೆಯಲು ವರ್ಷಕ್ಕೆ ಐದು ಲಕ್ಷ ವ್ಯಯಿಸುವುದು ಸಾಮಾನ್ಯವಾಗಿ ಜಾಣತನವಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತ ಲೆಕ್ಕ. ಒಂದೇ ಕೆಲಸವನ್ನು ಆದಿಯಿಂದ ಅಂತ್ಯದವರೆಗೆ ಒಬ್ಬನೇ ಮಾಡಬಾರದೆಂಬ ನಿಯಮವಂತೂ ಖಜಾನೆಯ ಜೋಡಿ ಬೀಗವೇ. ಎರಡು ಕೀಲಿಕೈಗಳು ಇಬ್ಬರು ಅಧಿಕಾರಿಗಳ ಬಳಿ ಏಕೆ ಇರುತ್ತವೆಂದು ವಿವರಿಸಿದಾಗ ಹುಡುಗ ಮೊದಲ ಬಾರಿಗೆ ಮೊಬೈಲನ್ನು ಜೇಬಿಗಿಳಿಸಿದ.

ಪರೀಕ್ಷೆ ಬರೆಯುವವರೆಲ್ಲ ಪ್ರಶ್ನೆಗಳನ್ನು ಹೊರಗೆಡಹುವುದಿಲ್ಲವೆಂದು ಒಪ್ಪಿಕೊಂಡೇ ಕುಳಿತಿರುತ್ತಾರೆ. ಮಾಹಿತಿಯ ಗೌಪ್ಯತೆಯನ್ನೇ ಕಲಿಸಬೇಕಾದ ವಿದ್ಯೆಗೆ ಸೋರಿಕೆಯ ಮಾಲಿನಿಂದ ಶ್ರೀಕಾರ ಹಾಕುವುದು ಎಂಥ ವಿಪರ್ಯಾಸ! ಆದರೆ ನನ್ನ ಆಕ್ಷೇಪ ನೀತಿಗಷ್ಟೇ ಸೀಮಿತವಲ್ಲ. ಉದ್ಯೋಗದಾತನಿಗೆ ಅಭ್ಯರ್ಥಿಯ ಸಾಮರ್ಥ್ಯ ಕಾಣಿಸದಿರುವಾಗ ಪ್ರಮಾಣಪತ್ರ ಅದರ ಸಂಕೇತವಾಗುತ್ತದೆ ಎಂಬುದನ್ನು ಮೈಕೆಲ್ ಸ್ಪೆನ್ಸ್ 1973ರಲ್ಲಿ ವಿವರಿಸಿದರು. 2001ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕೃತರಲ್ಲಿ ಅವರೂ ಒಬ್ಬರು. ಅಸಮರ್ಥನಿಗೂ ಸುಲಭವಾಗಿ ದಕ್ಕಿದೊಡನೆ ಆ ಸಂಕೇತ ಬೆಲೆ ಕಳೆದುಕೊಳ್ಳುತ್ತದೆ. ಬೆಂಗಳೂರಿನ ಹುಡುಗನಿಗೆ ಪರಿಚಯ, ಶಿಫಾರಸು ಎಂಬ ಅನ್ಯ ದಾರಿಗಳಿವೆ. ದೇಗಾಂವದವನಿಗೆ ಕಾಗದವೊಂದೇ ಗತಿ. ಕಾಗದ ಅಗ್ಗವಾದರೆ ಮೊದಲು ಮುಳುಗುವವನು ಅವನೇ.

ಇಂಥವರಿಗೆ ಬೇಕಾಗಿರುವುದು ಅನುಭವ. ಅದು ಮಹಾನಗರದಲ್ಲೇ ಸಿಗಬೇಕೆಂದೇನೂ ಇಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಲಪಟಾಯಿಸಲಾಯಿತು. ಅದೇ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕ್ ನಗರ ಸಹಕಾರಿ ಬ್ಯಾಂಕುಗಳಿಗೂ ಸೈಬರ್ ಭದ್ರತೆಯ ಮೂಲಭೂತ ಚೌಕಟ್ಟನ್ನು ವಿಧಿಸಿತು. ಸಹಕಾರಿ ಸಂಸ್ಥೆಗಳು ಬೇರೂರಿರುವ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಇಂಥ ತರುಣರಿಗೆ ಕೆಲಸವಿಲ್ಲವೆಂದರೆ ನಂಬುವುದು ಕಷ್ಟ. ಸರ್ಕಾರ ಸಹಕಾರಿ ಬ್ಯಾಂಕುಗಳಲ್ಲಿ ವೇತನಸಹಿತ ತರಬೇತಿ ಹುದ್ದೆಗಳನ್ನು ಸೃಷ್ಟಿಸಲಿ. ಅಲ್ಲಿ ದುಡಿದು ತೇರ್ಗಡೆಯಾದವರಿಗೆ ಪರೀಕ್ಷಾ ಶುಲ್ಕವನ್ನು ಮರುಪಾವತಿಸಲಿ. ತರಬೇತಿ ಕೇಂದ್ರಗಳಿಗೆ ಸಹಾಯಧನ ಸುರಿಯುವುದಕ್ಕಿಂತ ಇದು ಅಗ್ಗವೆಂಬುದು ನನ್ನ ಅಂದಾಜು.

ಅದೇ ಸಂಸ್ಥೆ 2022ರಲ್ಲಿ ಅನುಭವದ ಷರತ್ತಿಲ್ಲದ ಪ್ರವೇಶಮಟ್ಟದ ಪರೀಕ್ಷೆಯೊಂದನ್ನೂ ಆರಂಭಿಸಿದೆ. ಹುಡುಗ ಈಗ ಅದಕ್ಕೆ ಓದುತ್ತಿದ್ದಾನೆ, ಕಡತ ಅಳಿಸಿದ್ದೇನೆಂದೂ ಹೇಳಿದ. ಸೊಸೈಟಿಯ ಸಾಲ ಸದ್ಯಕ್ಕೆ ಬೇಡವೆಂದು ಅವನ ತಂದೆಗೆ ನಾನೇ ಹೇಳಿ ಬಂದಿದ್ದೇನೆ.