ವಿ.ಆರ್. ಕನ್ನಡಕ ಮತ್ತು ಕೂಡಿ ಕಲಿಯುವ ತರಗತಿ

ವರ್ಚುವಲ್ ರಿಯಾಲಿಟಿಯನ್ನು ತರಗತಿಗೆ ತರಬೇಕೆನ್ನುವವರು ಸಾಮಾನ್ಯವಾಗಿ ಎರಡು ಲಾಭಗಳನ್ನು ಒಟ್ಟಿಗೇ ಹೇಳುತ್ತಾರೆ. ದೂರದ ಸ್ಥಳವೊಂದು ವಿದ್ಯಾರ್ಥಿಯ ಸುತ್ತ ಪ್ರತ್ಯಕ್ಷವಾಗುತ್ತದೆ ಎಂಬುದು ಒಂದು. ಅದರಿಂದ ವಿದ್ಯಾರ್ಥಿಗಳು ಪರಸ್ಪರ ಸಹಕರಿಸಿ ಕಲಿಯುತ್ತಾರೆ ಎಂಬುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದು ತಾನಾಗಿ ಆಗುವಂಥದಲ್ಲ. ಕಣ್ಣನ್ನು ಪೂರ್ತಿಯಾಗಿ ಆವರಿಸುವ ಕನ್ನಡಕ ತೊಟ್ಟವನಿಗೆ ಪಕ್ಕದವನ ಮುಖವೇ ಕಾಣದು. ಮೂವತ್ತು ಜನರಿಗೆ ಮೂವತ್ತು ಕನ್ನಡಕ ಹಂಚಿದರೆ ದೊರೆಯುವುದು ಮೂವತ್ತು ಏಕಾಂತಗಳು. ಒಂದೇ ಕೃತಕ ಲೋಕದಲ್ಲಿ ಹಲವರು ಕಲೆಯುವ ವ್ಯವಸ್ಥೆಗಳೂ ಇವೆ, ದಿಟ. ಆದರೆ ಒಂದೇ ಕೋಣೆಯಲ್ಲಿ ಕುಳಿತವರು ಬೊಂಬೆಗಳ ರೂಪದಲ್ಲಿ ಭೇಟಿಯಾಗಬೇಕಾದ ಅಗತ್ಯವೇನು?

ಈ ತಂತ್ರಜ್ಞಾನದಲ್ಲಿ ಒಟ್ಟಾಗಿ ನೋಡುವ ದಾರಿಯೂ ಇತ್ತು. 1992ರಲ್ಲಿ ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ‘ಕೇವ್’ ಎಂಬುದು ಗೋಡೆಗಳೇ ಪರದೆಯಾದ ಒಂದು ಕೋಣೆ. ಹಲವರು ಅದರೊಳಗೆ ಜೊತೆಯಾಗಿ ನಿಲ್ಲಬಹುದಿತ್ತು. ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ 2006ರಲ್ಲಿ ಹಂಪಿಯನ್ನು ಕುರಿತು ರೂಪಿಸಿದ ‘ಪ್ಲೇಸ್-ಹಂಪಿ’ಯಲ್ಲಿಯೂ ವೃತ್ತಾಕಾರದ ದೊಡ್ಡ ಪರದೆಯೊಳಗೆ ನೋಡುಗರು ಗುಂಪಾಗಿ ನಿಲ್ಲುತ್ತಾರೆ. ಅಂಥ ಮಂದಿರವನ್ನು ಕಟ್ಟುವುದು ಯಾವ ಕನ್ನಡ ವಿಭಾಗಕ್ಕೂ ಸಾಧ್ಯವಿಲ್ಲ. ವಿಭಾಗಗಳ ಕೈಗೆ ಎಟುಕುವುದು ರಟ್ಟಿನ ಡಬ್ಬಿ, ಎರಡು ಮಸೂರ, ಒಂದು ಮೊಬೈಲು. ಗೂಗಲ್ ಸಂಸ್ಥೆ 2014ರಲ್ಲಿ ಹೊರತಂದ ‘ಕಾರ್ಡ್‌ಬೋರ್ಡ್’ ಇಂಥದೇ. ಅದನ್ನು ನೆಮ್ಮಿಕೊಂಡು ಶಾಲೆಗಳಿಗಾಗಿ ಬಂದ ‘ಎಕ್ಸ್‌ಪೆಡಿಷನ್ಸ್’ 2021ರಲ್ಲಿ ನಿಂತುಹೋಯಿತು. ಪಾಠವನ್ನು ಕಂಪನಿಯೊಂದರ ಕೃಪೆಯ ಮೇಲೆ ಕಟ್ಟಬಾರದು. ಸುತ್ತುನೋಟದ ಛಾಯಾಚಿತ್ರಗಳು ವಿಭಾಗದ ಬಳಿಯೇ ಇರಬೇಕು.

ಹಾಗಾದರೆ ಸಹಕಾರ ಎಲ್ಲಿಂದ ಬರಬೇಕು? ಇದಕ್ಕೆ ಉತ್ತರ ಯಂತ್ರದಲ್ಲಿಲ್ಲ, ಪಾಠದ ಹಂಚಿಕೆಯಲ್ಲಿದೆ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ವರ್ಣಭೇದದ ಶಾಲಾ ವ್ಯವಸ್ಥೆ ಮುರಿದು, ಬಿಳಿಯ, ಕರಿಯ ಹಾಗೂ ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ತರಗತಿಗೆ ಬಂದಾಗ ಹಗೆತನ ತಲೆದೋರಿತ್ತು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್‌ಸನ್ ಒಂದು ಪಾಠವನ್ನು ತುಂಡುಮಾಡಿ, ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡನ್ನು ಮಾತ್ರ ಕೊಡಿಸಿದರು. ಉಳಿದವರ ಮಾತನ್ನು ಕೇಳದೆ ಯಾರಿಗೂ ಪಾಠ ಪೂರ್ತಿಯಾಗದು. ಈ ಕ್ರಮಕ್ಕೆ ಯಾವ ಉಪಕರಣವೂ ಬೇಕಿರಲಿಲ್ಲ.

ಶ್ರವಣಬೆಳಗೊಳದ ಗೊಮ್ಮಟನನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಸುಮಾರು 58 ಅಡಿಯ ಆ ಮೂರ್ತಿಯ ಪಾದಗಳ ಇಕ್ಕೆಲಗಳಲ್ಲಿ ಕನ್ನಡ, ತಮಿಳು, ಮರಾಠಿ ಮೂರೂ ಭಾಷೆಗಳ ಕಿರುಶಾಸನಗಳಿವೆ. ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನನ್ನೂ ಸುತ್ತಾಲಯವನ್ನು ಕಟ್ಟಿಸಿದ ಹೊಯ್ಸಳ ದಂಡನಾಯಕ ಗಂಗರಾಜನನ್ನೂ ಅವು ಹೆಸರಿಸುತ್ತವೆ. ಮುಂಬಯಿ ಇಲ್ಲವೆ ಚೆನ್ನೈಯ ಕನ್ನಡ ತರಗತಿಗೆ ಇದಕ್ಕಿಂತ ಒಪ್ಪುವ ಪಠ್ಯ ಸಿಗುವುದು ಕಷ್ಟ. ಐವರ ಗುಂಪಿಗೆ ಒಂದೇ ಕನ್ನಡಕವಿರಲಿ. ಒಬ್ಬಳು ಬಲಬದಿಯನ್ನು ಮಾತ್ರ ನೋಡಲಿ, ಆಮೇಲೆ ಇನ್ನೊಬ್ಬ ಎಡಬದಿಯನ್ನು ಮಾತ್ರ. ನೋಡದವರು ಕೇಳಿ ಕೇಳಿ ನಕ್ಷೆ ಬರೆಯಲಿ: ಹುತ್ತ ಎಲ್ಲಿದೆ, ಬಳ್ಳಿ ತೋಳಿನ ಯಾವ ಮಟ್ಟದವರೆಗೆ ಹಬ್ಬಿದೆ, ಅಕ್ಷರಗಳು ಎಷ್ಟು ಸಾಲು. ನಾಗರಿ ಬಲ್ಲವಳು ಒಂದು ಕಡೆ ನೆರವಾಗುತ್ತಾಳೆ. ಹಳಗನ್ನಡ ಬಲ್ಲವನು ಇನ್ನೊಂದು ಕಡೆ. ಚಿತ್ರದಲ್ಲಿ ಅಕ್ಷರ ಮಸುಕಾದರೆ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ 1923ರ ಶ್ರವಣಬೆಳಗೊಳದ ಶಾಸನ ಸಂಪುಟ ಮೇಜಿನ ಮೇಲಿರಲಿ.

ಇಲ್ಲಿ ಗಮನಿಸಬೇಕಾದುದು ಮಾತಿನ ಅನಿವಾರ್ಯತೆ. ಹೊರನಾಡಿನ ಅನೇಕ ವಿದ್ಯಾರ್ಥಿಗಳಿಗೆ ಕನ್ನಡವೆಂದರೆ ಮನೆಮಾತು. ಊಟ, ನೀರು, ನೆಂಟರ ಸುದ್ದಿಗೆ ಅದು ಸಾಕು. ಕಂಡ ವಸ್ತುವನ್ನು ಕಾಣದವನಿಗೆ ಬಿಡಿಸಿ ಹೇಳುವ ಸಂದರ್ಭ ಅವರಿಗೆ ಕನ್ನಡದಲ್ಲಿ ಒದಗುವುದೇ ಅಪರೂಪ. ಎಲ್ಲರ ಕೈಗೂ ಕನ್ನಡಕ ಬಂದರೆ ಆ ಸಂದರ್ಭವೂ ಇಲ್ಲವಾಗುತ್ತದೆ. ಎಲ್ಲರೂ ನೋಡಿದ್ದನ್ನು ಯಾರೂ ವರ್ಣಿಸಬೇಕಾಗಿಲ್ಲ. ಉಪಕರಣಗಳ ಕೊರತೆಯೇ ಇಲ್ಲಿ ಪಾಠದ ಬಂಡವಾಳ. (ಕೆಲವರಿಗೆ ಕನ್ನಡಕದೊಳಗೆ ತಲೆಸುತ್ತು ಬರುವುದುಂಟು, ಅಂಥವರು ಕೇಳುವವರಾಗಿಯೇ ಗುಂಪಿಗೆ ಉಪಯುಕ್ತರಾಗುತ್ತಾರೆ.)

ಆದರೆ ಪರೀಕ್ಷೆಯ ಪದ್ಧತಿ ಹಾಗೆಯೇ ಉಳಿದರೆ ಈ ಶ್ರಮಕ್ಕೆ ಬೆಲೆಯಿಲ್ಲ. ಕೂಡಿ ಬರೆದ ನಕ್ಷೆಗೂ ವಿವರಣೆಗೂ ಆಂತರಿಕ ಮೌಲ್ಯಮಾಪನದಲ್ಲಿ ಗುಂಪಿನ ಅಂಕ ದೊರೆಯಬೇಕು. ಅದರ ಜೊತೆಗೆ, ತಾನು ನೋಡದ ಬದಿಯನ್ನು ಕುರಿತು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪುಟ ಬರೆಯಬೇಕು.