ಕಂಬಳಿಯೊಳಗಿನ ಚೀಲ

ಮಾಗಡಿ ರಸ್ತೆಯ ಹೇರೋಹಳ್ಳಿಯಲ್ಲಿ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಯಜಮಾನರು ಶಸ್ತ್ರಚಿಕಿತ್ಸೆ ಮುಗಿಸಿ ಆಸ್ಪತ್ರೆಯಿಂದ ಮರಳಿದ್ದಾರೆ. ಎಳನೀರು ಹಿಡಿದು ಬಂದ ನೆಂಟರು, “ಏನಾಗಿತ್ತು?” ಎನ್ನುತ್ತಾರೆ. “ಹರ್ನಿಯಾ” ಎಂದು ಮನೆಯಾಕೆಯ ಉತ್ತರ. ಹರ್ನಿಯಾ ಮರ್ಯಾದಸ್ಥರ ಕಾಯಿಲೆ. ಮೂತ್ರನಾಳ ಕಿರಿದಾಗಿತ್ತೆಂದು ನಾಲ್ವರೆದುರು ಹೇಳುವುದು ಹೇಗೆ? ಈ ಸುಳ್ಳಿನಿಂದ ಯಾರಿಗೂ ಕೇಡಿಲ್ಲ. ಆದರೆ ಮಂಚದ ಬದಿಗೆ ತೂಗುತ್ತಿದ್ದ ಮೂತ್ರದ ಚೀಲವನ್ನು ಅವಸರದಿಂದ ಹಾಸಿಗೆಯ ಮೇಲಿಟ್ಟು ಕಂಬಳಿ ಹೊದಿಸಿದರೆ ಕೇಡಿದೆ. ಚೀಲವು ಮೂತ್ರಕೋಶದ ಮಟ್ಟಕ್ಕೇರಿದರೆ ಹರಿವು ತಡೆಯುತ್ತದೆ. ಹೊರಬಂದದ್ದು ಹಿಮ್ಮೆಟ್ಟಿ ಸೋಂಕನ್ನೂ ಒಳಗೊಯ್ಯಬಹುದು. ಮರೆಮಾಡಲೇಬೇಕಾದರೆ ಬಟ್ಟೆಯ ಗವಸೊಂದನ್ನು ಹೊಲಿದು, ಚೀಲವನ್ನು ಮಂಚದ ಕೆಳಪಟ್ಟಿಗೇ ತೂಗುಹಾಕುವುದು ಲೇಸು. ನೆಲಕ್ಕೆ ಮಾತ್ರ ತಾಗಕೂಡದು.

ಬಿದ್ದ ಪೆಟ್ಟು, ಹಳೆಯ ಸೋಂಕು, ಹಿಂದೆಂದೋ ಹಾಕಿದ್ದ ನಳಿಕೆ, ಹೀಗೆ ನಾಳ ಕಿರಿದಾಗಲು ಕಾರಣ ಹಲವು. ಒಳಗಿನಿಂದಲೇ ಕೊಯ್ದು ಬಿಡಿಸಿದ್ದರೆ ನಳಿಕೆ ಕೆಲವೇ ದಿನ ಇರುತ್ತದೆ. ಕೆನ್ನೆಯ ಒಳಪೊರೆಯಿಂದ ತೇಪೆ ಹಾಕಿದ್ದರೆ ಸಾಮಾನ್ಯವಾಗಿ ಎರಡು ಮೂರು ವಾರ. ಈ ತೇಪೆಯ ಕೆಲಸಕ್ಕೆ ಪುಣೆಯ ವೈದ್ಯ ಸಂಜಯ ಕುಲಕರ್ಣಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ವಿಧಾನವು ಹೊರದೇಶಗಳಲ್ಲಿಯೂ ಹೆಸರಾಗಿದೆ. ಅಂಥ ರೋಗಿಗೆ ಕೆಲವು ದಿನ ಬಾಯಿಯೂ ನೋಯುವುದರಿಂದ ಮೊಸರನ್ನ, ಆರಿದ ಗಂಜಿಯೇ ಹಿತ, ಉಪ್ಪಿನಕಾಯಿ ಕಾಯಲಿ.

ನಳಿಕೆಯ ತುದಿಯಲ್ಲಿ ನೀರು ತುಂಬಿದ ಪುಟ್ಟ ಬಲೂನು ಇರುತ್ತದೆ. ಅಮೆರಿಕದ ವೈದ್ಯ ಫ್ರೆಡರಿಕ್ ಫೋಲಿ 1930ರ ದಶಕದಲ್ಲಿ ರೂಪಿಸಿದ ಈ ಉಪಾಯದಿಂದಲೇ ಅದು ಜಾರದೆ ನಿಲ್ಲುತ್ತದೆ. ಆದ್ದರಿಂದ ಎಳೆದರೆ ಹೊಸ ಹೊಲಿಗೆಗೇ ಪೆಟ್ಟು. ನಳಿಕೆಯನ್ನು ತೊಡೆಗೆ ಅಂಟುಪಟ್ಟಿಯಿಂದ ಸಡಿಲವಾಗಿ ಬಿಗಿದಿರಬೇಕು. ಮರುಪರೀಕ್ಷೆಗೆಂದು ವಿಕ್ಟೋರಿಯಾ ಆಸ್ಪತ್ರೆಯ ಆವರಣದ ನೆಫ್ರೋ-ಯೂರಾಲಜಿ ಸಂಸ್ಥೆಯವರೆಗೆ ಆಟೋದಲ್ಲಿ ಹೋಗುವಾಗ ಚೀಲವನ್ನು ಮಡಿಲಲ್ಲಿಟ್ಟುಕೊಳ್ಳುವವರುಂಟು. ಅಲ್ಲಿಯೂ ಅದೇ ನಿಯಮ: ಚೀಲ ಮೊಣಕಾಲಿಗಿಂತ ಕೆಳಗಿರಲಿ.

ಚೀಲ ಬೇಗ ತುಂಬೀತೆಂದು ನೀರು ಕುಡಿಯುವುದನ್ನು ಕಡಿಮೆ ಮಾಡುವುದು ಇನ್ನೊಂದು ತಪ್ಪು ಜಾಣತನ. ವೈದ್ಯರು ಮಿತಿ ಹೇಳದಿದ್ದಲ್ಲಿ ಧಾರಾಳವಾಗಿ ಕುಡಿಯಬೇಕು. ಹರಿಯುವ ನಳಿಕೆ ಕಟ್ಟಿಕೊಳ್ಳುವುದು ಕಡಿಮೆ. ಚೀಲ ಮುಕ್ಕಾಲು ತುಂಬುವ ಮುನ್ನವೇ ಖಾಲಿ ಮಾಡಿ, ಮೊದಲೂ ಅನಂತರವೂ ಕೈ ತೊಳೆಯಬೇಕು. ನಳಿಕೆ ಹೊರಬರುವ ಜಾಗವನ್ನು ದಿನವೂ ಸೋಪು ನೀರಿನಿಂದ ಶುಚಿ ಮಾಡಿದರೆ ಸಾಕು. ಆಗಾಗ ಹೊಟ್ಟೆಯ ಕೆಳಭಾಗ ಹಿಂಡಿದಂತಾಗಿ, ನಳಿಕೆಯ ಪಕ್ಕದಿಂದ ಮೂತ್ರ ಒಸರಬಹುದು, ಅದಕ್ಕೆ ಮಾತ್ರೆಯಿದೆ. ಆದರೆ ಚೀಲಕ್ಕೆ ಹನಿಯೂ ಇಳಿಯದೆ ಹೊಟ್ಟೆ ಬಿಗಿದರೆ, ರಕ್ತದ ಗಡ್ಡೆ ಬಿದ್ದರೆ, ಚಳಿಜ್ವರ ಬಂದರೆ, ಬೆಳಗಾಗಲೆಂದು ಕಾಯದೆ ಹೊರಡಬೇಕು. ನಳಿಕೆ ಕಳಚಿ ಬಂದರೆ ಬೀದಿಯ ದವಾಖಾನೆಯಲ್ಲಿ ಮತ್ತೆ ತೂರಿಸಲು ಬಿಡದೆ, ಶಸ್ತ್ರಚಿಕಿತ್ಸೆ ಮಾಡಿದವರಲ್ಲಿಗೇ ಹೋಗಬೇಕು.

ನಳಿಕೆ ತೆಗೆದ ದಿನ ಉರಿಯುತ್ತದೆ, ಧಾರೆ ಎರಚಾಡುತ್ತದೆ; ಕ್ರಮೇಣ ನೇರವಾಗುತ್ತದೆ. ಸ್ಕೂಟರು, ಸೈಕಲ್ಲುಗಳಿಗೆ ವೈದ್ಯರ ಅಪ್ಪಣೆ ಬೇಕು. ಕೆಲವರಲ್ಲಿ ನಾಳ ಮತ್ತೆ ಕಿರಿದಾಗುತ್ತದೆ, ವರ್ಷಗಳ ಮೇಲೂ. ಧಾರೆ ಸಣ್ಣದಾದದ್ದು ಮೊದಲು ತಿಳಿಯುವುದು ಯಜಮಾನರಿಗೆ ಮಾತ್ರ. ಆಗಲೂ ಮನೆಯಾಕೆಯಿಂದ ಮುಚ್ಚಿಟ್ಟರೆ, ನೆಂಟರಿಗೆ ಹರ್ನಿಯಾ ಎಂದವಳಿಗೂ ಆಸ್ಪತ್ರೆಗೆ ಹೊರಡಿಸುವ ದಾರಿ ತಿಳಿಯದು.