ಪಿಕಳಾರಕ್ಕೆ ಲೈಕು, ಬಾವಲಿಗೆ ಪಟಾಕಿ!

ವೀಕೆಂಡಿಗೆ ಚನ್ನಗಿರಿಗೋ ಹೊನ್ನಾಳಿಗೋ ಹೋದಾಗ ಬೇಲಿ ಮೇಲೆ ಪಿಕಳಾರ ಕಂಡ್ರೆ ತಕ್ಷಣ ಮೊಬೈಲ್ ತೆಗೀತೀವಿ. ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕೆಂಪು, ಇಂಪಾದ ದನಿ. ಸ್ಟೇಟಸ್‌ಗೆ ಹೇಳಿ ಮಾಡಿಸಿದ ಹಕ್ಕಿ! ಅದೇ ಆಲದ ಮರದಲ್ಲಿ ತಲೆಕೆಳಗಾಗಿ ನೇತಾಡೋ ದೊಡ್ಡ ಹಣ್ಣು ಬಾವಲಿ ಕಂಡ್ರೆ? ‘ಥೂ, ಅಪಶಕುನ’ ಅಂತ ಮುಖ ತಿರುಗಿಸ್ತೀವಿ. ಆದ್ರೆ ಇಬ್ಬರದ್ದೂ ಒಂದೇ ಕೆಲಸ: ಹಣ್ಣು ತಿಂದು ಬೀಜ ಹಂಚೋದು. ಒಬ್ಬರದ್ದು ಹಗಲು ಪಾಳಿ, ಇನ್ನೊಬ್ಬರದ್ದು ನೈಟ್ ಶಿಫ್ಟ್.

ಪಿಕಳಾರದ ತೂಕ ಹೆಚ್ಚೆಂದರೆ 40 ಗ್ರಾಂ ಆಸುಪಾಸು. ಸಣ್ಣ ಹಣ್ಣು ಮಾತ್ರ ನುಂಗುತ್ತೆ. ಬೀಜ ಬೀಳೋದೂ ಹೆಚ್ಚಾಗಿ ಹತ್ತಿರದ ಬೇಲಿ, ಪೊದೆ ಬುಡದಲ್ಲೇ. ಲಂಟಾನ ಹಬ್ಬಿಸೋದರಲ್ಲೂ ಅದರ ಪಾಲಿದೆ! ಬಾವಲಿ ಒಂದು ಕಿಲೋ ದಾಟಬಹುದು, ರೆಕ್ಕೆ ಬಿಚ್ಚಿದರೆ ನಾಲ್ಕಡಿ. ಹಿಪ್ಪೆಯಂಥ ದಪ್ಪ ಬೀಜದ ಹಣ್ಣನ್ನೂ ಕಚ್ಚಿಕೊಂಡು ಹೋಗಿ ಬೇರೆಡೆ ಬೀಳಿಸುತ್ತೆ. ಆಲ, ಅತ್ತಿಯ ಸಣ್ಣ ಬೀಜಗಳು ಹಾರುವಾಗಲೇ ಹಿಕ್ಕೆಯ ಜೊತೆ ಉದುರುತ್ತವೆ. ಒಂದೇ ರಾತ್ರಿ ಹತ್ತಾರು ಕಿಲೋಮೀಟರ್ ಸುತ್ತೋ ಜೀವ ಅದು. ಜಗಳೂರಿನಂಥ ಒಣ ಸೀಮೆಯಲ್ಲಿ ಮರದಿಂದ ಮರಕ್ಕೆ ದೂರ ಜಾಸ್ತಿ. ಅಲ್ಲಿ ಈ ನೈಟ್ ಶಿಫ್ಟ್‌ನವರ ಬೆಲೆ ಇನ್ನೂ ಹೆಚ್ಚು.

ನಿಜವಾದ ಚಿಂತೆ ಇರೋದು ಮರಿಗಳ ಲೆಕ್ಕದಲ್ಲಿ. ಪಿಕಳಾರ ಎರಡು–ಮೂರು ಮೊಟ್ಟೆ ಇಡುತ್ತೆ, ಸುಮಾರು ಎರಡು ವಾರಕ್ಕೆ ಮರಿ. ಗೂಡು ಹಾಳಾದ್ರೆ ಇನ್ನೊಂದು ಕಟ್ಟುತ್ತೆ. ಬಾವಲಿಗೆ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. ನೂರಾರು ಬಾವಲಿಗಳು ಒಂದೇ ಮರ ನಂಬಿಕೊಂಡಿರ್ತವೆ. ರಸ್ತೆ ಅಗಲ ಮಾಡೋಕೆ ಆ ಮರ ಕಡಿದರೆ ಒಂದು ಊರನ್ನೇ ಒಕ್ಕಲೆಬ್ಬಿಸಿದ ಹಾಗೆ.

ಕಾನೂನೂ ಬಹಳ ಕಾಲ ಹಣ್ಣು ಬಾವಲಿಯನ್ನು ಇಲಿ, ಕಾಗೆಗಳ ಜೊತೆ ಪೀಡೆಗಳ ಪಟ್ಟಿಯಲ್ಲಿಟ್ಟಿತ್ತು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಬಂದು ಆ ಪಟ್ಟಿಯೇ ಹೋಯ್ತು.

ಪೇರಲ, ಸಪೋಟ ಬೆಳೆದವರ ಸಂಕಟ ಸುಳ್ಳಲ್ಲ. ಹಣ್ಣಿಗೆ ಚೀಲ ಕಟ್ಟಿದರೆ ನಷ್ಟ ತಗ್ಗುತ್ತೆ. ನಿಫಾ ಭಯವೂ ಸಹಜವೇ. 2018ರಲ್ಲಿ ಪಕ್ಕದ ಕೇರಳದಲ್ಲಿ ಅದು ಜೀವ ತೆಗೆದಿದ್ದನ್ನು ನೋಡಿದ್ದೇವೆ. ಅದಕ್ಕೇ ಕಚ್ಚಿದ ಹಣ್ಣು ತಿನ್ನಬೇಡಿ, ಬಾವಲಿಯನ್ನು ಮುಟ್ಟಬೇಡಿ. ಆದ್ರೆ ಪಟಾಕಿ ಹೊಡೆದು ಓಡಿಸಿದರೆ ಅವು ಹೆದರಿ ಪಕ್ಕದೂರಿಗೆ ಹೋಗ್ತವೆ, ಅಷ್ಟೇ. ರೋಗ ಓಡಲ್ಲ.

ನ್ಯಾಮತಿಯಲ್ಲಿರಲಿ, ಜಗಳೂರಲ್ಲಿರಲಿ, ನಿಮ್ಮೂರ ಬಾವಲಿ ಮರ ಯಾವುದು ಅಂತ ಅಜ್ಜನ್ನೋ ಅಜ್ಜಿನ್ನೋ ಕೇಳಿ ನೋಡಿ. ಆ ಮರಕ್ಕೆ ಕೊಡಲಿ ಬೀಳೋ ಮಾತು ಬಂದ ದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಿ. ಪಿಕಳಾರದ ಪರ ಮಾತಾಡೋಕೆ ಜನ ಬೇಕಾದಷ್ಟಿದ್ದಾರೆ, ಬಾವಲಿಗೆ ಇಲ್ಲ.